ಮಲಕವ್ವ ಒಪ್ಪಿದರಷ್ಟೇ ಚಾಕೊಲೇಟ್

ಬೆಳಗಿನ ಆರು ಗಂಟೆ. ಹೆಬ್ಬಗೋಡಿಯ ಒಂದು ಶೀಟಿನ ಶೆಡ್ಡಿನಲ್ಲಿ ಮಲಕವ್ವ ಕೋಕೋ ಬೀಜದ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸುತ್ತಾರೆ. ಒಂದು ಹಿಡಿ ತೆಗೆದು ಮೂಸುತ್ತಾರೆ. ಅದರಲ್ಲೊಂದು ಬೀಜವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಾರೆ. ಆಮೇಲೆ ಅದೇ ನೋಟದಿಂದ ನನ್ನನ್ನೂ ನೋಡುತ್ತಾರೆ.

"ಪೇಪರಿನವರು ಅಂತೀರಿ. ಚೆಕ್ಕಿಂಗಿಗೆ ಬಂದಿಲ್ಲ ಹೌದಲ್ರಿ ಅಕ್ಕಾರ?"

ಗುರುತಿನ ಚೀಟಿ ತೋರಿಸಿದ ಮೇಲೆಯೇ ನನಗೆ ಕೂರಲು ಸ್ಟೂಲು ಸಿಗುತ್ತದೆ.

ಯಾದಗಿರಿ ಕಡೆಯ ಮಲಕವ್ವನಿಗೆ ನಲವತ್ತಾರು ವರ್ಷ. ಗಂಡ ಭೀಮಪ್ಪನ ಜೊತೆ ಕಟ್ಟಡ ಕೆಲಸಕ್ಕೆ ಬಂದವರು. ಸಿಮೆಂಟಿಗೆ ಕೈ ಬಿರಿದು ರಕ್ತ ಬರತೊಡಗಿದಾಗ ಈ ಪುಟ್ಟ ಚಾಕೊಲೇಟ್ ಕಾರ್ಖಾನೆ ಸೇರಿದರು. ಏಳು ವರ್ಷವಾಯಿತು. ಚಂದಾಪುರದ ಬಾಡಿಗೆ ಕೋಣೆಯಿಂದ ಮೊದಲ ಬಸ್ಸಿಗೆ ಬಂದು ದಿನಕ್ಕೆ ನಲವತ್ತು ಕಿಲೋ ಬೀಜ ಆರಿಸುತ್ತಾರೆ. ಹುಳು ಕೊರೆದದ್ದು, ಬೂಷ್ಟು ಹಿಡಿದದ್ದು ಸೇರಿ ಎರಡು ಕಿಲೋ ಹೊರಬೀಳುತ್ತದೆ. ಉಳಿದದ್ದು 'ಶೇಕಡಾ ಎಪ್ಪತ್ತು ಕೋಕೋ' ಎಂಬ ಹೊದಿಕೆ ತೊಟ್ಟು ಐಟಿ ಕಂಪನಿಗಳ ಸುತ್ತಲಿನ ಅಂಗಡಿಗಳಿಗೆ ಹೋಗುತ್ತದೆ.

"ಮುಂದಿನ ದೊಡ್ಡ ಅಕ್ಷರ ನಂಬಬ್ಯಾಡ್ರಿ," ಎನ್ನುತ್ತಾರೆ ಮಲಕವ್ವ. ಅವರಿಗೆ ಓದು ಬಾರದು. ಯಾವ ಕಂಪನಿಯ ಚಾಕೊಲೇಟ್ ಕೈಗೆ ಬಂದರೂ ಪ್ಯಾಕಿಂಗ್ ವಿಭಾಗದ ದಿವ್ಯಾಳಿಂದ ಹಿಂಬದಿ ಓದಿಸುತ್ತಾರೆ. "ಹಿಂದ ಸಣ್ಣ ಅಕ್ಷರದಾಗ ಮೊದಲ ಏನು ಬರದಾರ ನೋಡ್ರಿ. ಸಕ್ಕರಿ ಇದ್ರ ಅದು ಸಕ್ಕರಿನೇ. ಇನ್ನ ಕಹಿ ಐತಂದ್ರ ಔಷಧಿ ಅಲ್ರಿ. ಒಂದು ತುಣುಕು ತಿನ್ರಿ, ಸಾಕು."

ಹೋದ ವರ್ಷ ಈ ಅನುಮಾನವೇ ಅವರ ಕೆಲಸಕ್ಕೆ ಕುತ್ತು ತಂದಿತ್ತು. ಹೊಸ ವ್ಯಾಪಾರಿ ಆರು ಚೀಲ ಬೀಜ ಅಗ್ಗಕ್ಕೆ ಕೊಟ್ಟಿದ್ದ. ಮೇಲೆ ಬಂಗಾರದಂಥ ಬೀಜ; ಕೆಳಗೆ ಕೈ ಇಳಿಸಿದರೆ ಮುಗ್ಗಲು ವಾಸನೆ. ಸೀಳಿದರೆ ಒಳಗೆಲ್ಲ ಬೂದು ಬಣ್ಣದ ಬೂಷ್ಟಿನ ಬಲೆ. ಮಲಕವ್ವ ಆರೂ ಚೀಲಗಳನ್ನು ಬದಿಗೆ ಎಳೆದಿಟ್ಟರು.

"ಹುರಿದ್ರೆ ಎಲ್ಲಾ ಸರಿಹೋಗುತ್ತೆ ಕಣಮ್ಮ. ನಾಡಿದ್ದು ಮಾಲು ಕಳಿಸ್ಬೇಕು," ಎಂದರು ಮಾಲೀಕ ಶಿವಶಂಕರ್.

"ವಾಸನಿ ಹೋಗತದ್ರಿ ಸಾರ್. ವಿಷ ಎಲ್ಲಿ ಹೋಗತದ?"

"ಆರಿಸಕ್ಕಾಗಲ್ಲ ಅಂದ್ರೆ ಮನೆಗ್ ಹೋಗು."

ಅವರು ಮನೆಗೆ ಹೋದರು. ಮರುದಿನ ಭೀಮಪ್ಪ ರೇಗಿದ: "ತಿನ್ನೋರು ಯಾರೋ, ನಿನಗ್ಯಾಕ ಬೇಕಿತ್ತು?" ಮಲಕವ್ವ ಹೊಸ ಕೆಲಸ ಹುಡುಕುತ್ತ ಎರಡು ದಿನ ಗಾರ್ಮೆಂಟ್ ಫ್ಯಾಕ್ಟರಿಗಳ ಗೇಟು ಸುತ್ತಿದರು.

ಮೂರನೆಯ ದಿನ ಕೆಲಸಕ್ಕೆ ವಾಪಸ್ ಬಾ ಎಂದು ಮಾಲೀಕರ ಫೋನು ಬಂತು. ಕಾರಣವನ್ನು ಶಿವಶಂಕರ್ ಮುಚ್ಚಿಡುವುದಿಲ್ಲ: "ಒಂದು ಟ್ರೇ ಹುರಿದು ಬಾಯಿಗ್ ಹಾಕ್ಕೊಂಡೆ ಮೇಡಂ, ಉಗಿದ್ಬಿಟ್ಟೆ. ಲ್ಯಾಬಿಗೆ ಕಳಿಸ್ದೆ, ಅವ್ರೂ ಬೇಡ ಅಂದ್ರು." ಚೀಲಗಳು ವಾಪಸಾದವು, ಆರ್ಡರ್ ಕೈತಪ್ಪಿತು. ಕ್ಷಮೆಯನ್ನೇನೂ ಅವರು ಕೇಳಲಿಲ್ಲ. ಆದರೆ ಅಂದಿನಿಂದ ಮಲಕವ್ವ ತಲೆಯಾಡಿಸದೆ ಯಾವ ಚೀಲವೂ ಒಲೆಯ ಕೋಣೆಗೆ ಹೋಗುವುದಿಲ್ಲ.

"ಈಗ ಮಾಲೀಕರ ಮೇಲೆ ನಂಬಿಕೆ ಬಂತೇ?" ಎಂದು ಕೇಳುತ್ತೇನೆ.

ಮಲಕವ್ವ ನಗುತ್ತಾರೆ. "ಸಾರ್ ಒಳ್ಳೇವ್ರೇ ಅದಾರ್ರಿ. ಅದಕ್ಕಂತ ಚೀಲ ನೋಡೋದು ಬಿಡಾಕ ಆಗತದೇನು?"

ಆಸೆ ಏನಾದರೂ ಇದೆಯೇ ಎಂದರೆ ಒಂದು ಬೀಜ ಎತ್ತಿ ತೋರಿಸುತ್ತಾರೆ. "ಈ ಬೀಜದ ಗಿಡ ಒಮ್ಮಿ ನೋಡಬೇಕ್ರಿ. ಕಾಯಿ ಬೊಡ್ಡಿಗೇ ಅಂಟಿಕೊಂಡು ಬಿಡತದಂತ. ದಿವ್ಯಾ ಫೋನಿನಾಗ ಫೋಟೋ ತೋರಿಸ್ಯಾಳ."

ಮುಂದಿನ ಚೀಲದ ಹೊಲಿಗೆ ಬಿಚ್ಚುತ್ತ ಹೇಳುತ್ತಾರೆ: "ಫೋಟೋ ನಾ ನಂಬಂಗಿಲ್ಲ."