ದೀಪ ದೊಡ್ಡದು ಮಾಡ್ರಿ

ಅಥವಾ ಗುಡಿಗಳು ಐದಲ್ಲ, ನಾಲ್ಕೇ ಇದ್ದವೋ ಏನೋ. ಐದು ಎಂದವರು ನಮಗೆ ದಾರಿ ತೋರಿಸಲು ಬಂದ ಸುಬ್ರಾಯ ಭಟ್ಟರು. ಅವರ ಲೆಕ್ಕದಲ್ಲಿ ಅರಳಿಮರದ ಬುಡದ ನಾಗರಕಲ್ಲೂ ಒಂದು ಗುಡಿ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಈ ಕತೆಯನ್ನು ನಾನು ಧಾರವಾಡದ ಗೆಳೆಯರ ಅಟ್ಟಗಳ ಮೇಲೆ, ಚಹಾದಂಗಡಿಗಳಲ್ಲಿ, ಒಂದು ಸಲ ಹುಬ್ಬಳ್ಳಿ ಸ್ಟೇಶನ್ನಿನ ಬಾಕಿನ ಮೇಲೆ ಕೂತು, ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನಗೆ ನೆನಪಾಗುವುದು ನಡೆದದ್ದಲ್ಲ, ಹೋದ ಸಲ ಹೇಳಿದ್ದು. ಹೇಳಿದಂತೆಲ್ಲ ಕತೆ ನಯವಾಗುತ್ತ ಬಂದಿದೆ. ನಯವಾದ ನೆನಪನ್ನು ನಾನು ನಂಬುವುದಿಲ್ಲ. ನಿಜವಾಗಿ ನಡೆದದ್ದಕ್ಕೆ ಅಲ್ಲಲ್ಲಿ ಸಿಬಿರು ಇರಬೇಕು, ಕೈಯಾಡಿಸಿದರೆ ಚುಚ್ಚಬೇಕು. ಆದ್ದರಿಂದ ಈ ಸಲ ಸಿಬಿರು ಸಮೇತ ಹೇಳಿ ನೋಡುತ್ತೇನೆ.

ಖಾತ್ರಿಯಿಂದ ಹೇಳಬಹುದಾದ್ದು ಇಷ್ಟು. ನನ್ನ ತಂದೆಯ ಅಕ್ಕ, ನಮ್ಮ ತುಂಗಾ ಅತ್ಯಾನ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರರು, ಪೊರೆ ತೆಗೆಯುತ್ತೇನೆ, ದೃಷ್ಟಿ ಬಂದೇ ಬರುತ್ತದೆಂದು ಮಾತ್ರ ಮಾತು ಕೊಡಲಾರೆ ಎಂದರು. ಅತ್ಯಾ ಅಲ್ಲೇ ಕೂತು ಕರಾರು ಹಾಕಿದಳು.

"ಇದ್ದಷ್ಟು ಕಣ್ಣಾಗ ಮೊದಲ ಮನಿದೇವರ್ನ ನೋಡಿ ಬರ್ತೇನ್ರಿ. ಆಮ್ಯಾಲೆ ನೀವು ಚಾಕೂನರ ಹಾಕ್ರಿ, ಕುಡಗೋಲರ ಹಾಕ್ರಿ."

ನಮ್ಮ ಮನೆದೇವರು ನರಸಿಂಹ. ಅವನಿರುವುದು ಘಟ್ಟದ ಕೆಳಗೆ, ಕುಮಟೆಯ ಆಚೆ, ಸಮುದ್ರದ ಸಪ್ಪಳ ಕೇಳುವಷ್ಟು ಹತ್ತಿರದ ಒಂದು ಊರಿನಲ್ಲಿ. ಊರಿನ ಹೆಸರು ಬೇಡ, ಅರ್ಚಕರ ಮಕ್ಕಳು ಇನ್ನೂ ಅಲ್ಲಿದ್ದಾರೆ. ನಮ್ಮ ಮುತ್ತಜ್ಜ ನೌಕರಿ ಹುಡುಕಿಕೊಂಡು ಘಟ್ಟ ಹತ್ತಿ ಧಾರವಾಡಕ್ಕೆ ಬರುವಾಗ ದೇವರ ಹೆಸರನ್ನು ಜೊತೆಗೆ ತಂದ, ದೇವರನ್ನು ಅಲ್ಲೇ ಬಿಟ್ಟ. ಅರವತ್ತು ವರ್ಷ ಆ ಹೆಸರು ಹೇಳಿ ಕೈಮುಗಿದ ಅತ್ಯಾ ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಕರೆದುಕೊಂಡು ಹೋಗಲು ನಾನು ಒಪ್ಪಿದ್ದು ಭಕ್ತಿಯಿಂದಲ್ಲ. ಆ ದಿನಗಳಲ್ಲಿ ನಾನು ಪ್ರಾಸ ಬಿಟ್ಟು ಕವಿತೆ ಬರೆಯುತ್ತಿದ್ದೆ. ಒಂದನ್ನು ಓದಿ ತೋರಿಸಿದಾಗ ಅತ್ಯಾ ಪೂರ್ತಿ ಕೇಳಿ, "ಇದು ಹಾಡೋ, ಕಿರಾಣಿ ಯಾದಿಯೋ?" ಎಂದು ಕೇಳಿದ್ದಳು. ನಮ್ಮ ಗೆಳೆಯರ ಗುಂಪಿನಲ್ಲಿ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡದವನು ನಾನೊಬ್ಬನೇ. ಅದರ ಮೇಲೆ ಕವಿತೆ ಬರೆದವರಲ್ಲಿ ಮೊದಲನೆಯವನೂ ನಾನೇ. ಈ ಅನ್ಯಾಯವನ್ನು ಸರಿಪಡಿಸಿಕೊಳ್ಳುವುದಿತ್ತು.

"ಮುಳುಗೋ ಸೂರ್ಯನ್ನ ಏನ್ ನೋಡ್ತಿಯೋ ಸೀನ್ಯಾ?" ಎಂದಳು ಅತ್ಯಾ. "ಉಣಕಲ್ ಕೆರಿಯಾಗ ದಿನಾ ಮುಳುಗ್ತಾನ. ಟಾಂಗಾ ಮಾಡ್ಕೊಂಡು ಹೋಗಿ ನೋಡಿ ಬಾ."

ಹಿರಿಯರ ಶಾಸ್ತ್ರವೂ ಅವಳ ಕಡೆಗೇ ಇತ್ತು. ಹುಟ್ಟುವ ಸೂರ್ಯನನ್ನೂ ಮುಳುಗುವ ಸೂರ್ಯನನ್ನೂ ದಿಟ್ಟಿಸಿ ನೋಡಬಾರದೆಂದು ಅವರು ವಿಧಿಸಿದ್ದರು. ಯಾಕೆಂದು ಬರೆದಿಡಲಿಲ್ಲ. ಬರುವವರನ್ನೂ ಹೋಗುವವರನ್ನೂ ಎವೆಯಿಕ್ಕದೆ ನೋಡುವುದು ಸಭ್ಯತೆಯಲ್ಲ ಎಂದಿರಬೇಕು. ಇಂಗ್ಲಿಷು ಕಲಿತ ಮೇಲೆ ನಾವು ಆ ಸಭ್ಯತೆ ಬಿಟ್ಟೆವು.

ಹುಬ್ಬಳ್ಳಿಯ ಇಮಾಮಸಾಬನ ಬಾಡಿಗೆ ಮೋಟಾರಿನಲ್ಲಿ ಹೊರಟು, ಘಟ್ಟದ ತಿರುವು ತಿರುವಿಗೂ ಅದಕ್ಕೆ ನೀರು ಕುಡಿಸುತ್ತ, ಕತ್ತಲಾಗುವ ಹೊತ್ತಿಗೆ ಕೆಳಗಿಳಿದೆವು. ಮರುದಿನ ಊಟವಾದ ಮೇಲೆ, ಗುಡಿಗಳ ಬಾಗಿಲು ತೆರೆಯುವ ಹೊತ್ತಿಗೆ, ಸುಬ್ರಾಯ ಭಟ್ಟರು ಛತ್ರಕ್ಕೆ ಬಂದರು. ಮೊಣಕಾಲವರೆಗೆ ಪಂಜೆ, ಮೇಲೆ ಕರಿ ಕೋಟು, ಕಂಕುಳಲ್ಲಿ ಕೊಡೆ. ಪರಸ್ಥಳದವರಿಗೆ ಗುಡಿ ತೋರಿಸುವುದೇ ಅವರ ಉದ್ಯೋಗ.

"ಐದು ದೇವಸ್ಥಾನ, ಕಡೆಗೆ ಒಂದು ಸೂರ್ಯಾಸ್ತ," ಎಂದರು, ಸೂರ್ಯನೂ ಅವರ ಸಂಬಂಧಿಕನೇ ಎಂಬಂತೆ. "ನಿಮ್ಮ ನರಸಿಂಹ ಹೊಳೆ ಆಚೆಗೆ. ಹೊತ್ತು ಕಂತಿದ ಮೇಲೆ ದೋಣಿ ಇಲ್ಲ ಮಾರಾಯ್ರೆ, ಲಗುಬಗೆ ಮಾಡ್ಬೇಕು."

ಮೊದಲ ಗುಡಿಯಲ್ಲಿ ಅವರು ಕೊಡೆಯನ್ನು ಒಳಕ್ಕೆ ಚಾಚಿ, "ಇಂಥಾ ಮೂರ್ತಿ ಇಡೀ ಭರತಖಂಡದಲ್ಲಿ ಎರಡೇ ಕಡೆ ಇರೂದು," ಎಂದರು.

"ಇನ್ನೊಂದು ಎಲ್ಲೈತ್ರಿ?" ಎಂದ ಇಮಾಮಸಾಬ ಹೊರಗಿನಿಂದ.

"ಕಾಶಿಯಲ್ಲಿ."

ಎರಡನೆಯ ಗುಡಿಯಲ್ಲೂ ಅಂಥ ಮೂರ್ತಿ ಎರಡೇ ಕಡೆ ಇತ್ತು. "ಇನ್ನೊಂದು ಕಾಶಿಯಾಗೇನ್ರಿ?" ಎಂದು ಅತ್ಯಾ ಕೇಳಿದಳು. "ನಿಮ್ಗೆ ಹ್ಯಾಂಗೆ ಗೊತ್ತಾಯ್ತು?" ಎಂದು ಭಟ್ಟರು ಮನಸಾರೆ ಬೆರಗಾದರು. ಮೂರನೆಯದರಿಂದ ಹೊರಬರುವಾಗ ಅತ್ಯಾ ನನ್ನ ಕಿವಿಯಲ್ಲಿ ಹೇಳಿದಳು: "ಇಷ್ಟೆಲ್ಲಾ ಕಾಶಿಯಾಗ ಇದ್ದರ ಘಟ್ಟಾ ಇಳೀದ ಸೀದಾ ಅಲ್ಲೇ ಹೋಗಬಹುದಿತ್ತಲ್ಲೋ."

ಚೇಷ್ಟೆ ಹೀಗೆ ನಡೆದಿತ್ತು. ಆದರೆ ಅವಳಿಗೆ ಒಂದೂ ದೇವರು ಕಂಡಿರಲಿಲ್ಲ. ಕರಾವಳಿಯ ಗರ್ಭಗುಡಿಗಳು ನಮ್ಮ ಕಡೆಯವುಗಳಿಗಿಂತ ಕತ್ತಲೆ. ದೇವರು ಬಿಸಿಲಿಗೆ ಹೆದರಿ ಒಳಗೆ ಸೇರಿಕೊಂಡಂತಿರುತ್ತಾನೆ. ಮೊದಲ ಗುಡಿಯಲ್ಲಿ ನಾನು, "ಎಡಗೈಯಾಗ ಶಂಖ, ಕೊರಳಾಗ ದಾಸವಾಳದ ಮಾಲಿ," ಎಂದು ವರ್ಣಿಸಲು ಶುರುಮಾಡಿದೆ. ಅವಳು ನನ್ನ ಮೊಣಕೈ ಹಿಂಡಿದಳು.

"ನೀ ಹೇಳಬ್ಯಾಡ. ನೀ ಹೇಳಿದ್ದ ನನ್ನ ಕಣ್ಣಾಗ ಕೂತುಬಿಡ್ತದ. ಆಮ್ಯಾಲೆ ನಾ ಕಂಡದ್ದು ಯಾವುದು, ನೀ ಹೇಳಿದ್ದು ಯಾವುದು ಹ್ಯಾಂಗ ತಿಳೀಬೇಕು?"

ನೆನಪಿನ ವಿಷಯದಲ್ಲಿ ಇದಕ್ಕಿಂತ ಖರೇ ಮಾತನ್ನು ನಾನು ಯಾವ ಪಂಡಿತರಿಂದಲೂ ಕೇಳಿಲ್ಲ. ಏನು ಕಾಣುತ್ತಿದೆ ಎಂದು ಕೇಳಿದೆ. "ದೀಪ ಕಾಣ್ತದ. ಅದರ ಸುತ್ತ ಬೆಳ್ಳನ ಹೊಗಿ ಕಾಣ್ತದ. ಹೊಗಿ ಹಿಂದ ಅವರು ಕೂತಾರ." ಮೂರೂ ಕಡೆ ಇದೇ ಮಾತು. ಮೂರನೆಯ ಗುಡಿಯಿಂದ ಹೊಳೆಯ ದಂಡೆಗೆ ಹೋಗುವಾಗ ಅವಳು ಚೇಷ್ಟೆ ಮಾಡುವುದನ್ನು ಬಿಟ್ಟಿದ್ದಳು. (ನಾಗರಕಲ್ಲನ್ನು ಈ ನಡುವೆ ಎಲ್ಲೋ ನೋಡಿದೆವು. ಅದನ್ನು ಅವಳು ಕೈಯಿಂದ ಮುಟ್ಟಿ, ಇದು ಛಲೋ, ಎಂದಳು.)

ಇಮಾಮಸಾಬನನ್ನೂ ಮೋಟಾರನ್ನೂ ಈಚೆ ದಂಡೆಯಲ್ಲಿ ಬಿಟ್ಟು ದೋಣಿ ಹತ್ತಿದೆವು. ಪಶ್ಚಿಮಕ್ಕೆ ಹೊಳೆ ಸಮುದ್ರ ಸೇರುವುದು ಕಾಣುತ್ತಿತ್ತು. ಸೂರ್ಯ ಇನ್ನೂ ಎರಡಾಳು ಮೇಲಿದ್ದ. ನಾನು ಒಂದು ಕಣ್ಣು ಅವನ ಮೇಲೆ ಇಟ್ಟುಕೊಂಡೇ ನರಸಿಂಹನ ಗುಡಿ ತಲುಪಿದೆ.

ಅಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಕೋಟು, ಅಂಗಿ, ಬನಿಯನ್ನುಗಳನ್ನು ತೋಳ ಮೇಲೆ ಹಾಕಿಕೊಂಡು, ಧಾರವಾಡದ ಬರಿಯ ಎದೆಯನ್ನು ಲೋಕಕ್ಕೆ ತೋರಿಸುತ್ತ ನಿಂತೆ. ಅರ್ಚಕರು ಬಹಳ ವಯಸ್ಸಾದವರು. ಮಾತು ಕಡಿಮೆ, ಕೇಳಿಸುವುದು ಇನ್ನೂ ಸ್ವಲ್ಪ ಕಡಿಮೆ. ಒಳಗೆ ದೂರದಲ್ಲಿ ಗೋಡೆಯ ಗೂಡಿನಲ್ಲಿ ಕಾಳಿನಷ್ಟು ನಂದಾದೀಪ. ಎದುರಿಗೆ, ಹೊಸ್ತಿಲ ಬಳಿ, ಆಳೆತ್ತರದ ಹಿತ್ತಾಳೆಯ ದೀಪ. ಅತ್ಯಾ ಹೊಸ್ತಿಲ ಹೊರಗೆ ನಿಂತು ಕತ್ತು ಮುಂದೆ ಚಾಚಿದಳು, ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು. ಹಿಂದೆ ಭಟ್ಟರು, "ಹೊತ್ತು ಕಂತ್ತಾ ಬಂತು," ಎನ್ನುತ್ತಿದ್ದರು. ಅವಳು ನನ್ನ ಕಡೆ ತಿರುಗಲಿಲ್ಲ. ಆದರೆ ಅವಳ ಕೈ ನನ್ನ ಕೈಯನ್ನು ಹುಡುಕಿತು. ಕಾಣುತ್ತಿಲ್ಲ ಎಂದು ತಿಳಿಯಿತು. ನಾನು ದೊಡ್ಡ ದನಿಯಲ್ಲಿ ಅರ್ಚಕರಿಗೆ ಹೇಳಿದೆ:

"ಆಚಾರ್ರ, ದೀಪ ದೊಡ್ಡದು ಮಾಡ್ರಿ."

ಅರ್ಚಕರು ನನ್ನ ಮುಖ ನೋಡಿದರು. ಆಮೇಲೆ ಒಂದು ಹೂ ತೆಗೆದುಕೊಂಡು, ಅದರಿಂದ ಬತ್ತಿಯ ಕುಡಿಯನ್ನು ಮೆತ್ತಗೆ ಎಣ್ಣೆಗೆ ಅದ್ದಿ, ದೀಪ ಆರಿಸಿಬಿಟ್ಟರು.

ತಪ್ಪು ಅವರದಲ್ಲ. ನಮ್ಮ ಹಿರಿಯರು ದೀಪವನ್ನು 'ಆರಿಸು' ಎನ್ನುವುದಿಲ್ಲ, ಅದು ಅಶುಭ. ಅವರು 'ದೊಡ್ಡದು ಮಾಡು' ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ತೀರುವುದಿಲ್ಲ, ಅದೂ ಹೆಚ್ಚುತ್ತದೆ. ಹೊರಡುವವರು ಹೋಗುವುದಿಲ್ಲ, 'ಬರ್ತೇನಿ' ಎಂದು ಹೇಳಿ ಹೋಗುತ್ತಾರೆ. ಇಷ್ಟು ಸಮೃದ್ಧವಾದ ಭಾಷೆಯ ನಡುವೆಯೇ ನಾನೂ ಬೆಳೆದದ್ದು. ಆದರೆ ಅದೇ ವರ್ಷ ನಾನು, ಶಬ್ದಕ್ಕೆ ಅದರ ನೇರ ಅರ್ಥವೇ ಸಾಕು, ಹಳೆಯ ಮುಸುಕುಗಳನ್ನೆಲ್ಲ ಕಿತ್ತೊಗೆಯಬೇಕು ಎಂದು ಗೆಳೆಯರ ಮುಂದೆ ಎರಡು ತಾಸು ವಾದಿಸಿದ್ದೆ. ದೊಡ್ಡದು ಎಂದರೆ ದೊಡ್ಡದು. ಆ ವಾದ ಅರ್ಚಕರವರೆಗೆ ಮುಟ್ಟಿರಲಿಲ್ಲ. ಹೊತ್ತಾಯಿತೆಂದು ಭಟ್ಟರು ಹಿಂದಿನಿಂದ ಕೂಗುತ್ತಿದ್ದರು. ಯಜಮಾನರು ದರ್ಶನ ಮುಗಿಯಿತೆನ್ನುತ್ತಿದ್ದಾರೆ ಎಂದೇ ಅರ್ಚಕರು ತಿಳಿದರು.

ಇಲ್ಲಿ ನನ್ನ ಕತೆಯಲ್ಲಿ ಒಂದು ಸುಂದರವಾದ ಭಾಗ ಬರುತ್ತದೆ. ಹಿತ್ತಾಳೆಯ ದೀಪ ಆರಿದ್ದೇ ತಡ, ಮುಳುಗುವ ಸೂರ್ಯನ ಕೆಂಪು ಬಾಗಿಲಿನಿಂದ ಒಳಗೆ ಹರಿದು ದೇವರ ಮುಖದ ಮೇಲೆ ಬಿತ್ತು ಎಂದು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಕೇಳಿದವರು ನಿಟ್ಟುಸಿರು ಬಿಟ್ಟಿದ್ದಾರೆ. ನನಗೂ ಅದು ಕಣ್ಣಿಗೆ ಕಟ್ಟಿದಂತಿದೆ. ಎರಡು ವರ್ಷದ ಹಿಂದೆ ಮತ್ತೊಮ್ಮೆ ಅಲ್ಲಿಗೆ ಹೋದಾಗ ನೋಡಿದರೆ ಗುಡಿಯ ಬಾಗಿಲು ಪೂರ್ವಕ್ಕೆ. ಸೂರ್ಯ ಅಂದು ಗುಡಿಯ ಬೆನ್ನಿಗಿದ್ದ. ಅವನು ಹಣಿಕಿ ಹಾಕಬೇಕಾಗಿದ್ದರೆ ನಮ್ಮಂತೆ ಸುತ್ತು ಹಾಕಿಕೊಂಡೇ ಬರಬೇಕಿತ್ತು.

ಹಾಗಾದರೆ ಆ ಕೆಂಪನ್ನು ತೆಗೆದುಹಾಕೋಣ. ಉಳಿಯುವುದು ಕತ್ತಲೆ, ಒಳಗೆ ಕಾಳಿನಷ್ಟು ನಂದಾದೀಪ, ಎಣ್ಣೆ ಕಮರಿದ ವಾಸನೆ. ಭಟ್ಟರು, "ಎಂಥಾ ಕೆಲಸ ಆಯ್ತು ಮಾರಾಯ್ರೆ," ಎಂದರು. ಅರ್ಚಕರಿಗೆ ತಿಳಿಹೇಳಿದಾಗ ಅವರು ಗಾಬರಿಯಾಗಿ ಮತ್ತೆ ಬತ್ತಿ ಹಚ್ಚಲು ಕೂತರು. ದಂಡೆಯಿಂದ ಅಂಬಿಗ ಕೂಗು ಹಾಕಿದ. ಅರವತ್ತು ವರ್ಷ ಕಾದು, ಘಟ್ಟ ಇಳಿದು ಬಂದವಳ ದೀಪವನ್ನು ನಾನು ಒಂದು ಶಬ್ದದಿಂದ ಆರಿಸಿದ್ದೆ.

ಆಗ ಅತ್ಯಾ, "ಬ್ಯಾಡ್ರಿ, ಹಚ್ಚಬ್ಯಾಡ್ರಿ," ಎಂದಳು. ಇನ್ನೂ ಒಳಗೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ, ಕಾಲು ನಿಮಿಷವೋ, ಎರಡು ನಿಮಿಷವೋ. ಆಮೇಲೆ ಕೈಮುಗಿದು, "ಕಂಡ. ನಡಿ ಹೋಗೂಣು," ಎಂದಳು.

ದಂಡೆಗೆ ನಡೆಯುವಾಗ ನಾನು ಕ್ಷಮೆ ಕೇಳಲು ಹೋದೆ. "ಬತ್ತಿ ಮುಂದ ಮಾಡ್ರಿ ಅನ್ನಬೇಕೋ ಹುಚ್ಚಪ್ಪ," ಎಂದಳು. "ಬಿ.ಎ. ಮಾಡೀ, ದೀಪ ಹಚ್ಚಸ್ಲಿಕ್ಕೆ ಬರವಲ್ತು."

ದೋಣಿಯಲ್ಲಿ ನಾನು ಪಶ್ಚಿಮಕ್ಕೆ ಮುಖ ಮಾಡಿ ಕೂತೆ. ನೀರಿನಂಚಿಗೆ ಒಂದು ಮೋಡ ಅಡ್ಡ ಮಲಗಿತ್ತು. ಸೂರ್ಯ ಅದರ ಹಿಂದೆ ಹೋದ, ಆಮೇಲೆ ಬರಲೇ ಇಲ್ಲ. ಕಂಬಳಿ ಹೊದ್ದವರು ಹಾಸಿಗೆಯಲ್ಲಿ ತಿರುಗಿ ಮಲಗುವಂತೆ ಆಕಾಶ ಒಂದಿಷ್ಟು ಕಪ್ಪಾಯಿತು, ಅಷ್ಟೆ. ಭಟ್ಟರು ಕೊಡೆ ಚಾಚಿ, ಇಂಥ ಸೂರ್ಯಾಸ್ತ ಎರಡೇ ಕಡೆ ಎನ್ನಬಹುದೆಂದು ಕಾದೆ. ಅವರು ಕೊಡೆಯನ್ನು ಕಂಕುಳಿಗೆ ಸೇರಿಸಿಕೊಂಡರು.

ಅತ್ಯಾ ನೀರಿನಲ್ಲಿ ಕೈ ಆಡಿಸುತ್ತ ಕೇಳಿದಳು: "ನಿನ್ನ ಸೂರ್ಯ ಕಂಡನೇನೋ?"

ನನ್ನ ಸಲುವಾಗಿ ಅವಸರ ಮಾಡಿದ್ದು ವ್ಯರ್ಥವಾಯಿತು ಎಂಬ ಕೊರಗು ಅವಳಿಗೆ ಇರಬಾರದೆನಿಸಿತು. "ಕಂಡ," ಎಂದೆ. "ಭಾಳ ಛಲೋ ಕಂಡ."

ಈಚೆ ದಂಡೆಯಲ್ಲಿ ಇಮಾಮಸಾಬ ಮೋಟಾರಿನ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ, "ಅವ್ವಾರ, ದರ್ಶನ ಆತೇನ್ರಿ?" ಎಂದು ಕೇಳಿದ.

"ಆತಪಾ. ಎಲ್ಲಾರೂ ಅಂವಾ ಸಿಟ್ಟಿನ ದೇವರು ಅಂತಾರ. ಸುಳ್ಳು. ಈ ನಮ್ಮ ಸೀನ್ಯಾ ದೀಪ ದೊಡ್ಡದು ಮಾಡಂದ್ನಲ್ಲಾ, ಆವಾಗ ನಕ್ಕ. ಬಲಗಡೆ ಗಲ್ಲ ಒಂದೀಟು ಮ್ಯಾಲೆ ಹೋತು ನೋಡು."

ಇಮಾಮಸಾಬ ನನ್ನನ್ನು ನೋಡಿ, "ನಗಲಾರದ ಏನ್ ಮಾಡ್ತಾರ್ರಿ, ದೇವರಾದ್ರೂ," ಎಂದ.

ಆಪರೇಶನ್ ಆಯಿತು. ಒಂದು ಕಣ್ಣಿಗೆ ಬೆಳಕು ಕತ್ತಲೆ ತಿಳಿಯುವಷ್ಟು ಬಂತು. ಇನ್ನೊಂದಕ್ಕೆ ಅದೂ ಇಲ್ಲ. ಆಮೇಲೆ ಬದುಕಿದಷ್ಟು ವರ್ಷ ಅವಳು ಓಣಿಯ ಹೆಂಗಸರಿಗೆಲ್ಲ ನಗುವ ನರಸಿಂಹನ ಕತೆ ಹೇಳಿದಳು. ನನ್ನ ಕತೆ ಪ್ರತಿ ಸಲ ಬೆಳೆಯಿತು. ಅವಳದು ಬೆಳೆಯಲಿಲ್ಲ: ಬಲಗಡೆ ಗಲ್ಲ, ಒಂದೀಟು ಮೇಲೆ. ಅಷ್ಟೇ.

ಎರಡನೆಯ ಸಲ ಹೋದಾಗ ನಾನು ಆ ಗಲ್ಲ ನೋಡಲೆಂದೇ ಹೋಗಿದ್ದೆ. ಅಂದು ಚಂದನದ ಅಲಂಕಾರ. ಮೂಗಿನಿಂದ ಕೆಳಗೆ ಎಲ್ಲ ಗಂಧದಲ್ಲಿ ಮುಚ್ಚಿತ್ತು. ಹಳೆಯ ಅರ್ಚಕರು ಇರಲಿಲ್ಲ. ಅವರ ಮಗ, ದೀಪ ಮುಂದೆ ತರಲೇ ಎಂದು ಕೇಳಿದರು. ನಾನು ಯಾವ ಶಬ್ದವನ್ನೂ ಬಳಸದೆ ಕೈಯಿಂದಲೇ ಬೇಡವೆಂದೆ.

ತಿರುಗಿ ಬಂದ ಮೇಲೆ ಹುಬ್ಬಳ್ಳಿಯ ಡಾಕ್ಟರರು ಸಿಕ್ಕರು. ಅವರಿಗೆ ಇದನ್ನೆಲ್ಲ ಹೇಳಿದೆ. ಕೆಲವರ ಮೋತಿಬಿಂದುವಿಗೆ ಎದುರಿನ ಬೆಳಕೇ ವೈರಿ ಎಂದರು ಅವರು. ದೊಡ್ಡ ದೀಪ ಕಣ್ಣಿಗೆ ಹೊಡೆದರೆ ಎಲ್ಲ ಬೆಳ್ಳಗಾಗುತ್ತದೆ, ಅದನ್ನು ತೆಗೆದರೆ ಸಣ್ಣ ಬೆಳಕಿನಲ್ಲಿ ಒಂದಿಷ್ಟು ಕಂಡರೂ ಕಾಣಬಹುದು. "ಹಾಗಾದರೆ ಅವಳಿಗೆ ಕಂಡಿತೇ?" ಎಂದೆ. "ಆಗಿರಬಹುದ್ರಿ, ಆಗಿರಲಿಕ್ಕೂ ಇಲ್ಲ," ಎಂದರು ಡಾಕ್ಟರರು.

ಇದ್ದಾಗ ಅವಳನ್ನೇ ಕೇಳಬಹುದಿತ್ತು. ಕೇಳಿದ್ದರೆ ಅವಳು ನನ್ನನ್ನೂ ಕೇಳುತ್ತಿದ್ದಳು. ದೋಣಿಯಲ್ಲಿ ನಾನು ಹೇಳಿದ 'ಕಂಡ' ಸುಳ್ಳು. ಹೊಸ್ತಿಲ ಬಳಿ ಅವಳು ಹೇಳಿದ 'ಕಂಡ' ಏನು, ನನಗೆ ಗೊತ್ತಿಲ್ಲ.