ಎರಡನೇ ರಿಂಗಾಗುವ ಮೊದಲೇ

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಇನ್ನೂ ಹಾಲಿನ ವ್ಯಾನು ಬಂದಿಲ್ಲ. ಮಾಯಮ್ಮ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ ದೀಪ ಹಾಕುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಚಿನ್ನದ ಬಣ್ಣ ಬಳಿದ ಮದುವೆಯ ಜೋಡಿ ಸಿಂಹಾಸನ. ಅದರ ಪಕ್ಕದಲ್ಲೇ ಗಾಜಿನ ಮುಚ್ಚಳದ ಉದ್ದನೆಯ ಪೆಟ್ಟಿಗೆಗಳು. ಹೊಸಬರು ಐಸ್‌ಕ್ರೀಮಿನವು ಅಂದುಕೊಳ್ಳುತ್ತಾರೆ. ಅಲ್ಲ, ಅವು ದೂರದ ನೆಂಟರು ಬಂದು ಮುಖ ನೋಡುವವರೆಗೆ ಹೆಣ ಕೆಡದಂತೆ ಇಡುವ ಫ್ರೀಜರುಗಳು.

ಮಾಯಮ್ಮ ಪೊರಕೆ ಹಿಡಿಯುವಷ್ಟರಲ್ಲಿ ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತದೆ. ಅಲ್ಲಿ ಇರುವುದು ಎರಡು ಫೋನು. ಕೆಂಪು ಕವರಿನದು ಮದುವೆಗೆ, ಕಪ್ಪು ಕವರಿನದು ಸಾವಿಗೆ. ಈಗ ಕೂಗುತ್ತಿರುವುದು ಕಪ್ಪು. ಪೊರಕೆ ಅಲ್ಲೇ ಬೀಳುತ್ತದೆ. ಎರಡನೇ ರಿಂಗಾಗುವ ಮೊದಲೇ ಫೋನು ಕಿವಿಯಲ್ಲಿದೆ.

‘ಹೇಳಿ.’

ನಮಸ್ಕಾರವಿಲ್ಲ, ಅಂಗಡಿಯ ಹೆಸರಿಲ್ಲ. ಆ ಕಡೆ ಯಾರೋ ಗಂಡಸು ಮಾತಾಡಲು ಹೋಗಿ ಬಿಕ್ಕುತ್ತಾನೆ. ಮಾಯಮ್ಮ ಕಾಯುತ್ತಾರೆ. ಆಮೇಲೆ ಮೆಲ್ಲಗೆ ಒಂದೊಂದೇ ಕೇಳುತ್ತಾರೆ. ‘ಹಿರೀಸಾವೆಯಿಂದ ಒಳಕ್ಕಾ? ಟೆಂಪೋ ಮನೆಗಂಟ ಬತ್ತದಾ? ಬಾಗ್ಲು ಎಷ್ಟು ಅಗಲ ಐತೆ? ಕರೆಂಟು ಓಗೀ ಬಂದೂ ಮಾಡ್ತದಾ? ಪಕ್ಕದ ಮನೆಯಿಂದ ವೈರ್ ಎಳೆದಿಟ್ಕಳಿ. ಆಯ್ತು ಬುಡಿ, ಗಾಡಿ ಹೊರಟ್ತು.’

‘ಗಾಡಿ ಬರುತ್ತದೆ’ ಎಂದು ಅವರು ಅಪ್ಪಿತಪ್ಪಿಯೂ ಅನ್ನುವುದಿಲ್ಲ. ಸಾವಿನ ಮನೆಯಿಂದ ಹೊರಡುವಾಗ ನಾವು ‘ಬರ್ತೀವಿ’ ಅನ್ನುತ್ತೇವೆಯೇ? ಸುಮ್ಮನೆ ಎದ್ದು ಹೋಗುತ್ತೇವೆ. ಆ ಮಾತು ಆ ಮನೆಯಲ್ಲಿ ಆಡಬಾರದ್ದು. ಮುಖ ಕಾಣದ ಫೋನಿನಲ್ಲೂ ಮಾಯಮ್ಮ ಆ ಪದ್ಧತಿ ಬಿಟ್ಟವರಲ್ಲ.

ಬೆಳಗಿನ ಜಾವದ ಕರೆಗಳೇ ಹೆಚ್ಚು. ‘ಕಾಫಿ ಕೊಡಕ್ಕೆ ಓದಾಗ ಗೊತ್ತಾಗೋದು ಸಾ’ ಎನ್ನುತ್ತಾರೆ ಮಾಯಮ್ಮ, ಮಳೆಯ ವಿಷಯ ಹೇಳಿದಷ್ಟು ಸಲೀಸಾಗಿ. ‘ರಾತ್ರಿ ಚೆನ್ನಾಗೇ ಮಲಗಿರ್ತಾರೆ. ಲೋಟ ಕೈಯಲ್ಲಿ ಇಡ್ಕಂಡೇ ಫೋನ್ ಮಾಡಿರೋರೂ ಅವ್ರೆ.’

ದಂಡಿಗನಹಳ್ಳಿ ಕಡೆಯ ಹೆಣ್ಣುಮಗಳು ಮಾಯಮ್ಮ. ಗಂಡ ಮಂಚಯ್ಯ ಕೂಲಿಗೆ ತೆಂಗಿನ ಮರ ಹತ್ತುತ್ತಿದ್ದವರು. ಬಿದ್ದು ಸೊಂಟ ಕಳೆದುಕೊಂಡ ಮೇಲೆ ಮಂಚ ಬಿಟ್ಟು ಏಳುವುದಿಲ್ಲ. ಮಾಯಮ್ಮ ಹಾಸನದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದರು. ಕೊರೊನಾ ಬಂದು ಅದು ಬಾಗಿಲು ಹಾಕಿತು. ಅದೇ ಹೊತ್ತಿಗೆ ಇಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ ದೇವರಾಜ್ ಮದುವೆಗಳೆಲ್ಲ ನಿಂತು ಕೈಕಟ್ಟಿ ಕೂತಿದ್ದರು. ಮದುವೆ ನಿಂತರೇನು, ಸಾವು ನಿಲ್ಲುತ್ತದೆಯೇ? ಫ್ರೀಜರ್ ತಂದು ಹಾಕಿದರು. ಫೋನು ಎತ್ತಲು ಗಟ್ಟಿ ಎದೆಯವರು ಬೇಕಿತ್ತು, ಮಾಯಮ್ಮ ಸಿಕ್ಕರು. ಅಂದಿನಿಂದ ಮಾಯಮ್ಮನ ಮನೆಯ ಒಲೆ ಉರಿಯುವುದು ಈ ಕಪ್ಪು ಫೋನಿನಿಂದ.

ಫೋನು ಎತ್ತುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಅಲ್ಲಿ ಕೂರಬೇಕು. ಈಗ ಜನ ಮೊಬೈಲಿನಲ್ಲಿ ಹುಡುಕಿ ಒಂದು ಗುಂಡಿ ಒತ್ತುತ್ತಾರೆ. ಆ ವಿಚಾರಣೆ ಒಂದೇ ಏಟಿಗೆ ಹಾಸನದ ಅಂಗಡಿಗೂ ಹೊಳೆನರಸೀಪುರದ ಅಂಗಡಿಗೂ ಇಲ್ಲಿಗೂ ಬಂದು ಬೀಳುತ್ತದೆ. ಮೊದಲು ಮಾತಾಡಿದವನಿಗೆ ಹೆಣ. ಹೀಗೆ ಬರೆಯುವುದಕ್ಕೇ ಮೈ ಜುಂ ಅನ್ನುತ್ತದೆ, ಆದರೆ ವ್ಯಾಪಾರ ಇರುವುದೇ ಹೀಗೆ. ಮಾಯಮ್ಮ ಬಚ್ಚಲಿಗೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಮುದ್ದೆ ಮುರಿದ ಕೈ ತಟ್ಟೆಯಲ್ಲೇ ಇರುತ್ತದೆ, ಎಡಗೈ ಫೋನಿನ ಮೇಲಿರುತ್ತದೆ.

ಬರುವ ಕರೆಗಳೆಲ್ಲ ಕಣ್ಣೀರಿನವಲ್ಲ. ‘ಈ ಪೆಟ್ಟಿಗೇಲಿ ಇದ್ಕೆ ಮುಂಚೆ ಯಾವ ಜನದೋರ್ನ ಮಲಗ್ಸಿದ್ರಿ?’ ಎಂದು ಗಂಟಲು ಸರಿಮಾಡಿಕೊಂಡು ಕೇಳುವವರಿದ್ದಾರೆ. ಮಾಯಮ್ಮನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಕೇಳುವವರಿಗೆ ಅದು ಗೊತ್ತಿಲ್ಲ. ‘ತೊಳ್ದು ಒರ್ಸಿ ಮಡಗಿದೀವಿ ಸಾ. ಕರೆಂಟಿಗೆ ಜಾತಿ ಇಲ್ಲ. ಮೂರು ಪಿನ್ನಿನ ಸಾಕೆಟ್ ಐತಾ ಯೋಳಿ’ ಎನ್ನುತ್ತಾರೆ. ಕೋಪ ಬರುವುದಿಲ್ಲವೇ ಅಂದರೆ, ‘ಬತ್ತದೆ. ಆದ್ರೆ ಅವತ್ತು ಅವ್ರ ಮನೇಲಿ ಎಣ ಐತಲ್ಲ’ ಎನ್ನುತ್ತಾರೆ.

ಇನ್ನೊಂದು ಸಂಕಟ ಯಾರಿಗೂ ಹೊಳೆಯುವಂಥದ್ದಲ್ಲ. ಎರಡು ಫೋನಿಗೂ ಇರುವುದು ಒಂದೇ ದನಿ. ಅರಕಲಗೂಡಿನಿಂದ ಸುವರ್ಣಮ್ಮ ಎಂಬುವರು ಮಗಳ ಮದುವೆಗೆ ಸಿಂಹಾಸನ, ಹೂವಿನ ಕಮಾನು ವಿಚಾರಿಸಲು ಕೆಂಪು ಫೋನಿಗೆ ಕರೆ ಮಾಡಿದ್ದರು. ಮಾಯಮ್ಮ ನಗುನಗುತ್ತಾ ನಮಸ್ಕಾರ ಹೇಳಿ ಬೆಲೆ ಹೇಳುತ್ತಿದ್ದಂತೆ ಆಕೆ ನಡುವೆಯೇ ತಡೆದರು. ‘ನಮ್ಮೆಜಮಾನ್ರು ಓದಾಗ ಫೋನ್ ಎತ್ತಿದ್ದು ನೀವೇ ಅಲ್ವಾ?’ ಎಂದರಂತೆ ಆಕೆ. ಅಷ್ಟೇ, ಕರೆ ಕಟ್ಟಾಯಿತು. ಅಂದಿನಿಂದ ಕೆಂಪು ಫೋನಿನಲ್ಲಿ ಸ್ವಲ್ಪ ಕೀರಲು ದನಿ ಮಾಡಿಕೊಂಡು ಮಾತಾಡುತ್ತಾರೆ. ಅದನ್ನು ಮಾಡಿ ತೋರಿಸುವಾಗ ಅವರಿಗೇ ನಗು ಬರುತ್ತದೆ.

ಈ ಅಂಗಡಿಯಲ್ಲಿ ಮಾಯಮ್ಮ ತಮಗೆ ತಾವೇ ಹಾಕಿಕೊಂಡ ಒಂದು ಕಟ್ಟಳೆ ಇತ್ತು. ಮದುವೆ ವಿಚಾರಿಸಿದವರಿಗೆ ಮತ್ತೆ ಫೋನು ಮಾಡಬಹುದು, ಹತ್ತು ಸಲ ಬೇಕಾದರೂ ಮಾಡಬಹುದು. ಸಾವಿನದು ವಿಚಾರಿಸಿದವರಿಗೆ ನಾವಾಗಿ ಮಾಡಬಾರದು. ಯಾಕೆಂದರೆ ಕಪ್ಪು ಫೋನಿಗೆ ಬರುವ ಕರೆಗಳಲ್ಲಿ ಕೆಲವು ಇನ್ನೂ ಉಸಿರಾಡುತ್ತಿರುವವರ ಮನೆಯವು. ‘ಸುಮ್ನೆ ಕೇಳ್ದೆ ಅಕ್ಕ, ಇನ್ನೂ ಆಗಿಲ್ಲ’ ಎಂದು ಪಿಸುದನಿಯಲ್ಲಿ ಹೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡರೆ ನಮಗೆ ನಗು. ಉಸಿರು ನಿಲ್ಲುವ ಮುಂಚೆ ಪೆಟ್ಟಿಗೆ ವಿಚಾರಿಸುವವರನ್ನು ಕಂಡರೆ ಸಿಟ್ಟು. ಮಾಯಮ್ಮನಿಗೆ ಸಿಟ್ಟಿಲ್ಲ. ‘ಆಸ್ಪತ್ರೆಯೋರು ಮನೆಗೆ ಕರ್ಕಂಡೋಗಿ ಅಂದ್ಬುಟ್ಟಿರ್ತಾರೆ. ಏನ್ ಮಾಡ್ತಾರೆ ಪಾಪ, ಕೈಕಾಲು ಆಡಲ್ಲ, ಏನಾದ್ರೂ ಒಂದು ಮಾಡ್ಬೇಕು ಅನ್ಸಿ ನಮ್ಗೆ ಮಾಡ್ತಾರೆ.’

ಹೋದ ವರ್ಷ ಆ ಕಟ್ಟಳೆಗೆ ಸಂಚಕಾರ ಬಂತು. ಮೊಬೈಲಿನ ವಿಚಾರಣೆಗಳನ್ನು ಅಂಗಡಿಗಳಿಗೆ ಕಳಿಸುವ ಕಂಪನಿಯ ಹುಡುಗನೊಬ್ಬ ಹಾಸನದಿಂದ ಟೈ ಕಟ್ಟಿಕೊಂಡು ಬಂದು ದೇವರಾಜ್‌ಗೆ ಪಾಠ ಹೇಳಿದ. ವಿಚಾರಣೆ ಅಂದರೆ ಬಿಸಿ ದೋಸೆ ಇದ್ದಂತೆ, ಆರಿದರೆ ಮುಗಿಯಿತು; ಕೇಳಿ ಸುಮ್ಮನಾದ ಪ್ರತಿಯೊಬ್ಬರಿಗೂ ತಿರುಗಿ ಫೋನು ಮಾಡಬೇಕು ಅಂದ. ದೇವರಾಜ್ ಕೆಟ್ಟವರಲ್ಲ. ಹೊಳೆನರಸೀಪುರದ ಅಂಗಡಿಯವನು ಆರ್ಡರು ಕಿತ್ತುಕೊಳ್ಳುತ್ತಿದ್ದುದು ಅವರ ನಿದ್ದೆ ಕೆಡಿಸಿತ್ತು. ಎರಡು ಫೋನಿಗೂ ಒಂದೇ ನಿಯಮ ಎಂದುಬಿಟ್ಟರು. ಆಗಲ್ಲ ಅಂದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿದರು. ಮಂಚದ ಮೇಲಿರುವ ಗಂಡನ ನೆನಪಾಗಿ ಮಾಯಮ್ಮ ತಲೆಯಾಡಿಸಿದರು.

ಮುಂದಿನದನ್ನು ಹೇಳುವ ಮೊದಲು ಮಾಯಮ್ಮ ನನ್ನಿಂದ ಒಂದು ಮಾತು ತೆಗೆದುಕೊಂಡರು. ‘ಆ ಊರ ಎಸ್ರು ಬರೀಬ್ಯಾಡಿ. ಅವ್ರೇ ಓದಿದ್ರೂ ಬೇರೆಯೋರ್ದು ಅಂದ್ಕಬೇಕು, ಅಂಗೆ ಬರೀರಿ.’ ಆದ್ದರಿಂದ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಊರು ಎಂದಷ್ಟೇ ಇಲ್ಲಿದೆ. ಅಲ್ಲಿನ ಹಿರಿಯರನ್ನು ತಮ್ಮಯ್ಯ, ಅವರ ಮಗನನ್ನು ಕೀರ್ತಿರಾಜ್ ಅನ್ನೋಣ. ಎರಡೂ ಸಾಲ ತಂದ ಹೆಸರು, ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳೂ ಬದಲಾಗಿವೆ.

ಕೀರ್ತಿರಾಜ್ ಒಂದು ಮಧ್ಯಾಹ್ನ ಕರೆ ಮಾಡಿ, ಅಪ್ಪನನ್ನು ಹಾಸನದ ಆಸ್ಪತ್ರೆಯಿಂದ ವಾಪಸು ಕರೆತಂದಿದ್ದೇವೆ, ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದ. ಮಾಯಮ್ಮ ಹೇಳಿದರು. ಸಂಜೆ ದೇವರಾಜ್ ಎದುರಿಗೇ ಕೂತಿದ್ದರು. ಆ ನಂಬರಿಗೆ ತಿರುಗಿ ಮಾಡದೆ ವಿಧಿಯಿರಲಿಲ್ಲ. ಕೀರ್ತಿರಾಜ್ ಮಧ್ಯಾಹ್ನ ಮಾತಾಡಿದ್ದು ಅಪ್ಪನ ಫೋನಿನಿಂದ ಎಂಬುದು ಇಲ್ಲಿ ಯಾರಿಗೆ ಗೊತ್ತು? ತನ್ನದರಲ್ಲಿ ಚಾರ್ಜು ಇಲ್ಲದೆ ಅಪ್ಪನದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಮಾತಾಡಿ, ಕರೆಯನ್ನು ಅಳಿಸಿ, ಮತ್ತೆ ದಿಂಬಿನ ಪಕ್ಕದಲ್ಲಿ ಇಟ್ಟಿದ್ದ.

‘ಫ್ರೀಜರ್ ಕೇಳಿದ್ರಲ್ಲ, ಬೇಕಾಯ್ತದಾ? ಏನಾಯ್ತು?’ ಎಂದರು ಮಾಯಮ್ಮ.

ಆ ಕಡೆ ಗೊರಗೊರ ಉಸಿರು. ಆಮೇಲೆ ಒಂದು ಮುದಿ ದನಿ.

‘ಇನ್ನೂ ಆಗಿಲ್ಲ ಕಣವ್ವ.’

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ‘ಯಾರು ಕೇಳಿದ್ದು? ನನ್ನ ಮಗ್ನಾ?’ ಎಂದಿತು ಅದೇ ದನಿ.

‘ಅದು... ಇಲ್ಲ ಸಾ, ಇಲ್ಲ. ರಾಂಗ್ ನಂಬರ್. ಬೇರೆ ಯಾರ್ಗೋ ಮಾಡಕ್ಕೋಗಿ ನಿಮ್ಗೆ ಬಂದ್ಬುಡ್ತು. ತಪ್ಪಾಯ್ತು ಸಾ.’

‘ಅಂಗಾ’ ಎಂದರು ತಮ್ಮಯ್ಯ. ‘ಸರಿ ಬುಡು. ನಂಬರ್ ನೋಡ್ಕಂಡು ಮಾಡವ್ವ’ ಎಂದು ಇಟ್ಟರು.

ಅವತ್ತು ಮಾಯಮ್ಮ ಫೋನನ್ನು ಮೇಜಿನ ಮೇಲೆ ಬಿಟ್ಟು ಅಂಗಡಿಯ ಹಿಂದೆ ಹೋಗಿ ಕೂತರು. ರಾಂಗ್ ನಂಬರ್ ಅಂದೆಯಲ್ಲ, ಮುಗಿಯಿತಲ್ಲ ಎಂದು ದೇವರಾಜ್ ಸಮಾಧಾನ ಹೇಳಿದರು. ಮುಗಿಯಲಿಲ್ಲ. ಆ ಮನುಷ್ಯ ನಂಬಿದರೇ? ನಂಬದೆ ಇದ್ದರೆ ಮಗನ ಕೈಯಿಂದ ನೀರು ಕುಡಿಯುತ್ತಿದ್ದಾರೆಯೇ? ಅಪ್ಪ ಮಗ ಮಾತು ಬಿಟ್ಟರೇ? ‘ಊಟಕ್ಕೆ ಕೂತ್ರೆ ಆ ಗೊರಗೊರ ಕೇಳ್ಸೋದು’ ಎನ್ನುತ್ತಾರೆ. ಒಂದು ಫೋನು ಮಾಡಿದ್ದರೆ ಎಲ್ಲ ತಿಳಿಯುತ್ತಿತ್ತು. ಮಾಡಲು ಆಗದೆ ಇದ್ದದ್ದು ಅದೊಂದೇ ಫೋನು. ದಿನಗಳು ಹೋದವು, ತಿಂಗಳೂ ಕಳೆಯಿತು. ದೇವರಾಜ್ ಇಲ್ಲದಾಗ ಸಾವಿನ ಕರೆಗಳಿಗೆ ತಿರುಗಿ ಮಾಡಿದೆನೆಂದು ಸುಳ್ಳು ಹೇಳಿಕೊಂಡು ಅವರು ಕೆಲಸ ಉಳಿಸಿಕೊಂಡರು.

ಒಂದು ಬೆಳಗಿನ ಜಾವ ಕಪ್ಪು ಫೋನಿನಲ್ಲಿ ಅದೇ ನಂಬರು ಬಂತು. ಎರಡನೇ ರಿಂಗಿಗೆ ಎಂದೂ ಬಿಡದ ಮಾಯಮ್ಮ ಅವತ್ತು ಬಿಟ್ಟರು. ಮೂರನೆಯದನ್ನೂ ಬಿಟ್ಟರು. ಸಿಂಹಾಸನ ಒರೆಸುತ್ತಿದ್ದ ದೇವರಾಜ್ ತಿರುಗಿ ನೋಡಿದರು. ಆಮೇಲೆ ಮಾಯಮ್ಮ ಎತ್ತಿದರು.

‘ಹೇಳಿ.’

ಅದು ಕೀರ್ತಿರಾಜನ ದನಿ. ‘ಅಕ್ಕ, ನಮ್ಮಪ್ಪ ಓಗ್ಬುಟ್ಟ’ ಎಂದು ಅತ್ತ. ಮಾಯಮ್ಮ ಕಾದರು. ಅವನೇ ಮುಂದುವರಿಸಿದ. ‘ನೆನ್ನೆ ಸಂಜೆ ಅಪ್ಪನೇ ಯೋಳ್ದ. ನನ್ನ ಫೋನಲ್ಲಿ ಒಂದು ಎಣ್ಮಗಳ ನಂಬರೈತೆ, ಅವ್ಳಿಗೇ ಮಾಡು, ಒಳ್ಳೇವ್ಳು, ಬ್ಯಾರೆ ಯಾರ್ನೂ ಉಡುಕ್ಬ್ಯಾಡ ಅಂದ. ತೆಗ್ದು ನೋಡುದ್ರೆ ನಿಮ್ಮ ನಂಬರು. ಅವತ್ತು ನಾನು ರೇಟ್ ಕೇಳಿದ್ದು ನಿಮ್ಮನ್ನೇ ಅಲ್ವಾ ಅಕ್ಕ? ನಾನು ಕೇಳಿದ್ದು ನಮ್ಮಪ್ಪಂಗೆ ಗೊತ್ತಿತ್ತಾ?’

ತಮ್ಮಯ್ಯ ನಂಬಿರಲಿಲ್ಲ. ಎಲ್ಲ ತಿಳಿದೂ ಅಷ್ಟು ದಿನ ಮಗನ ಕೈಯಿಂದಲೇ ಗಂಜಿ ಕುಡಿದು, ಒಂದು ಮಾತೂ ಆಡದೆ, ಕೊನೆಗೆ ಆ ನಂಬರನ್ನೇ ಕೊಟ್ಟು ಹೋಗಿದ್ದರು. ಮಾಯಮ್ಮನಿಗೆ ಅದು ಆ ಕ್ಷಣದಲ್ಲೇ ತಿಳಿಯಿತು.

‘ಗೊತ್ತಿರ್ನಿಲ್ಲ ಕಣಪ್ಪ’ ಎಂದರು. ‘ನಾನೇ ಒಂದ್ಸಲ ತಪ್ಪಿ ಮಾಡ್ಬುಟ್ಟಿದ್ದೆ. ರಾಂಗ್ ನಂಬರ್ ಅಂದೆ. ನಂಬರ್ ನೋಡ್ಕಂಡು ಮಾಡವ್ವ ಅಂತ ಬುದ್ಧಿ ಯೋಳುದ್ರು, ಅಷ್ಟೇಯ. ಬಾಗ್ಲು ಎಷ್ಟು ಅಗಲ ಐತಪ್ಪ? ಕರೆಂಟೈತಾ? ಆಯ್ತು. ಗಾಡಿ ಹೊರಟ್ತು.’

ಫೋನು ಇಟ್ಟ ಮೇಲೆ ದೇವರಾಜ್ ಖುಷಿಯಿಂದ ಅಂದರಂತೆ: ‘ನೋಡ್ದಾ ಮಾಯಮ್ಮ, ತಿರ್ಗಿ ಫೋನ್ ಮಾಡಿದ್ಕೇ ಬಂತು ಆರ್ಡ್ರು!’ ಮಾಯಮ್ಮ ಕಪ್ಪು ಫೋನು ಅವರ ಮುಂದೆ ಇಟ್ಟರು. ‘ಇನ್ನೊಂದ್ಸಲ ಆ ಮಾತಂದ್ರೆ ಇದ್ನ ನೀವೇ ಇಟ್ಕಳಿ ಸಾ, ನಾನು ಓಯ್ತೀನಿ.’ ದೇವರಾಜ್ ಅವತ್ತು ಫೋನನ್ನು ಮತ್ತೆ ಅವರ ಕಡೆಗೇ ಸರಿಸಿದರು. ಆದರೆ ವ್ಯಾಪಾರ ಇಳಿದ ತಿಂಗಳಲ್ಲಿ ಈಗಲೂ ಮಾತು ಎತ್ತುತ್ತಾರೆ. ಟೈ ಹುಡುಗನೂ ಬಂದು ಹೋಗುತ್ತಿರುತ್ತಾನೆ. ಈ ಕೆಲಸ ಎಷ್ಟು ದಿನ ಉಳಿಯುತ್ತದೋ ಮಾಯಮ್ಮನಿಗೆ ತಿಳಿಯದು.

ಹೊರಗೆ ಹಾಲಿನ ವ್ಯಾನು ಬಂದಿದೆ. ಹಿರೀಸಾವೆಗೆ ಹೊರಟ ಟೆಂಪೋ ತಿರುವು ದಾಟಿದೆ. ಮಾಯಮ್ಮ ಬಿದ್ದ ಪೊರಕೆಯನ್ನು ಎತ್ತಿಕೊಂಡು ಕಸ ಗುಡಿಸಲು ಶುರು ಮಾಡುತ್ತಾರೆ. ಸುಳ್ಳು ಹೇಳಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದರೆ ಗುಡಿಸುತ್ತಲೇ ಉತ್ತರಿಸುತ್ತಾರೆ.

‘ಅಪ್ಪಂಗೊಂದು ಯೋಳ್ದೆ, ಮಗಂಗೊಂದು ಯೋಳ್ದೆ. ಅಪ್ಪ ನಂಬ್ನಿಲ್ಲ. ಮಗ ನಂಬ್ದ. ಯಾಕೆ ಯೋಳಿ? ಅಪ್ಪಂಗೆ ಯೋಳೋವಾಗ ತಡವರಿಸ್ಬುಟ್ಟೆ, ಮಗಂಗೆ ಕೇಳಿದ್ ತಕ್ಷಣ ಉತ್ರ ಕೊಟ್ಟೆ ಸಾ. ಒಂಚೂರು ತಡ ಮಾಡಿದ್ರೂ ಆ ಉಡ್ಗಂಗೆ ಗೊತ್ತಾಗೋಗ್ತಿತ್ತು.’