ಜೆಬೆಲ್ ಶಮ್ಸ್ ಮೇಲೆ ಜಾರಿದ ಪೊರ್ಬುಗಳು

ಹೋದ ತಿಂಗಳು ಉಡುಪಿಯ ಹೊಸ ಸೂಪರ್‌ಮಾರ್ಕೆಟ್ಟಿನಲ್ಲಿ ಅಂಜಲ್ ಮೀನು ಹುಡುಕುತ್ತಾ ಫ್ರೀಜರಿನ ಬಾಗಿಲು ಎಳೆದೆ. ಥಂಡಿ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಅದರ ಜೊತೆಗೊಂದು ವಾಸನೆ... ಹೆಪ್ಪುಗಟ್ಟಿದ ಮೀನು, ರಬ್ಬರಿನ ಕೈಗವಸು, ಒದ್ದೆಯಾದ ಅಲ್ಯೂಮಿನಿಯಂ, ಮೂರೂ ಬೆರೆತದ್ದು. ಬೇರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಬಾಗಿಲು ಹಿಡಿದುಕೊಂಡು ನಗುತ್ತಾ ನಿಂತುಬಿಟ್ಟೆ. ಅಲ್ಲಿದ್ದ ಹುಡುಗಿ ಬಂದು, "ಆಂಟಿ, ಬಾಗಿಲು ಹಾಕಿ, ಒಳಗಿನದ್ದೆಲ್ಲ ಕರಗ್ತದೆ" ಎಂದಳು. ಅಂಜಲ್ ಮರೆತು ಬರಿಗೈಯಲ್ಲಿ ಮನೆಗೆ ಬಂದೆ. ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪೊರ್ಬುಗಳು ತಲೆಯೊಳಗೆ ಬಂದು ಕೂತಿದ್ದರು.

ಪೊರ್ಬುಗಳು ಎನ್ನುವುದು ಅವರ ಹೆಸರಲ್ಲ. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ನಾನು ಅಲ್ಲಿಗೆ ಹೋದಾಗ ಮೊದಲು ಬಾಗಿಲು ತಟ್ಟಿ, "ಊರಿನ ಕುಚ್ಚಿಲಕ್ಕಿ ಬೇಕಾದ್ರೆ ಹೇಳಿ, ನನ್ನ ಹತ್ರ ಉಂಟು" ಎಂದವರು ಅವರು. ನನ್ನ ಗಂಡ ದಾವಣಗೆರೆಯವರು. ತುಳುವೂ ತಿಳಿಯದು, ಕೊಂಕಣಿಯೂ ತಿಳಿಯದು. ಹಾಗಾಗಿ ನಮ್ಮೆಲ್ಲರ ಮಾತು ಕನ್ನಡದಲ್ಲೇ ನಡೆಯುತ್ತಿತ್ತು. ಪೊರ್ಬುಗಳ ಹೆಂಡತಿ ಮಕ್ಕಳು ಶಿರ್ವದ ಹತ್ತಿರದ ಊರಿನಲ್ಲಿದ್ದರು. ಇವರು ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ.

ಅವರ ಕೆಲಸ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಜೂನ್ ತಿಂಗಳಲ್ಲೂ ಅವರು ದಪ್ಪ ಜಾಕೆಟ್, ಮಂಗನ ಟೋಪಿ, ಮೊಣಕಾಲುದ್ದದ ಬೂಟು ಹಾಕಿಕೊಂಡು ಮೈನಸ್ ಹದಿನೆಂಟರ ಕೋಣೆಯೊಳಗೆ ಮೀನಿನ ಪೆಟ್ಟಿಗೆ ಜೋಡಿಸುತ್ತಿದ್ದರು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಹದಿನೈದು ವರ್ಷದಲ್ಲಿ ಆ ಲೆಕ್ಕ ಅವರ ಮೈಗೇ ಹತ್ತಿಬಿಟ್ಟಿತ್ತು. ನಮ್ಮ ಮನೆಗೆ ಹರಟೆಗೆ ಬಂದರೂ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಎದ್ದು ವರಾಂಡಕ್ಕೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ಬಂದು ಕೂರುತ್ತಿದ್ದರು.

ಅವರಿಗೊಂದೇ ಕೊರಗು. ರಜೆಯಲ್ಲಿ ಊರಿಗೆ ಹೋಗಿ, ಅರಬ್ ದೇಶದಲ್ಲಿ ತಾನು ಉಣ್ಣೆಯ ಟೋಪಿ ಹಾಕುತ್ತೇನೆ, ಚಳಿಗೆ ಹಲ್ಲು ಕಟಕಟ ಅನ್ನುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಭಾನುವಾರ ಇಗರ್ಜಿಗೆ ಪ್ರಾರ್ಥನೆಗೆಂದು ಬಂದು ಅಂಗಳದಲ್ಲಿ ನಿಂತವರೆಲ್ಲ, "ಪೊರ್ಬುಗಳು ಬೆಳಿಗ್ಗೆಯೇ ಒಂದು ಏರಿಸಿದ್ದಾರೆ" ಎಂದು ನಗುತ್ತಿದ್ದರಂತೆ. ಒಂದು ಫೋಟೋ ತೋರಿಸೋಣವೆಂದರೆ ಸ್ಟೋರೇಜಿನೊಳಗೆ ಕ್ಯಾಮರಾ ಬಿಡುತ್ತಿರಲಿಲ್ಲ. "ಹೋಗ್ಲಿ, ಊರಿನವರು ನಗಾಡ್ಲಿ. ನನ್ನ ಹೆಂಡತಿಯೂ ನಗಾಡ್ತಾಳೆ ಮಾರಾಯ್ತಿ" ಎಂದು ತಾವೂ ನಗುತ್ತಲೇ ಹೇಳುತ್ತಿದ್ದರು. ಆದರೆ ಆ ಮಾತು ಬಂದಾಗಲೆಲ್ಲ ಅವರ ಕಣ್ಣು ನೆಲ ನೋಡುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಜನವರಿ. ಪೊರ್ಬುಗಳ ಎದೆಗೆ ಇನ್ನು ಥಂಡಿ ಆಗದು ಎಂದು ಡಾಕ್ಟರು ಹೇಳಿದ್ದರು. ಕೆಲಸ ಖಲಾಸ್, ಭಾನುವಾರಕ್ಕೆ ಊರಿನ ಟಿಕೆಟ್. ಪೆಟ್ಟಿಗೆ ಕಟ್ಟಿಯಾಗಿತ್ತು. ಆ ವಾರದ ನಡುವೆ ಮೂರು ದಿನ ಮೋಡ, ಮಳೆ. ಗುರುವಾರ ಸಂಜೆ ನನ್ನ ಗಂಡನ ಆಫೀಸಿನ ಒಮಾನಿ ಡ್ರೈವರ್ ಓಡಿಬಂದ. ಅವನ ಊರು ಜೆಬೆಲ್ ಶಮ್ಸ್ ಬೆಟ್ಟದ ಬುಡದಲ್ಲಿ. ಹೆಸರಿಗೆ ಅದು ಸೂರ್ಯನ ಬೆಟ್ಟ.

"ವಲ್ಲಾ, ಜಬಲ್ ಊಪರ್ ಸಬ್ ಸಫೇದ್! ಥಲ್ಜ್, ಥಲ್ಜ್!" ಎಂದು ಕೈ ಎತ್ತಿ ಕುಣಿದ.

ಬೆಟ್ಟದ ಮೇಲೆಲ್ಲ ಬಿಳಿ ಎನ್ನುತ್ತಿದ್ದ; ಥಲ್ಜ್ ಎಂದರೆ ಐಸು, ಹಿಮ ಎರಡೂ. ಅಲ್ಲೇ ಕೂತಿದ್ದ ಪೊರ್ಬುಗಳ ಕೈಯಲ್ಲಿನ ಚಹಾ ಅಲ್ಲೇ ನಿಂತಿತು.

"ಬಾಗಿಲು ಇರುವ ಥಂಡಿ ಹದಿನೈದು ವರ್ಷ ನೋಡಿದೆ. ಬಾಗಿಲು ಇಲ್ಲದ್ದು ಒಂದು ನೋಡ್ಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಫೋಟೋ ತೆಗ್ದು ಕೊಡ್ತೀರಾ? ಈ ಜಾಕೆಟ್ ಹಾಕಿ ನಿಲ್ತೇನೆ. ಅಷ್ಟು ಸಾಕು, ಊರಿನವರ ಬಾಯಿ ಬಂದ್" ಎಂದರು.

ಶುಕ್ರವಾರ ಸೂರ್ಯ ಹುಟ್ಟುವ ಮೊದಲೇ ಹೊರಟೆವು. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಕರಗಿ ಹೋಗುತ್ತದೆ ಎಂದು ಡ್ರೈವರ್ ಹೆದರಿಸಿದ್ದ. ಪೊರ್ಬುಗಳು ತಮ್ಮ ಮ್ಯಾನೇಜರನ್ನು ಕೇಳಿ ನಮಗೆಲ್ಲ ಫ್ರೀಜರಿನ ಜಾಕೆಟ್, ಕೈಗವಸು ತಂದಿದ್ದರು. ಜೊತೆಗೆ ಮೀನು ಹೆಪ್ಪುಗಟ್ಟಿಸುವ ಅಗಲವಾದ ಅಲ್ಯೂಮಿನಿಯಂ ತಟ್ಟೆ ನಾಲ್ಕು. ಯಾಕೆಂದು ಕೇಳಿದರೆ, "ನೋಡಿ ಮತ್ತೆ" ಎಂದು ಕಣ್ಣು ಮಿಟುಕಿಸಿದರು. ಐದು ವರ್ಷದ ನನ್ನ ಮಗಳು ಗಾಡಿ ಹತ್ತಿದವಳೇ, "ಮಮ್ಮಿ, ಇಟ್ಸ್ ಸ್ಟಿಂಕಿಂಗ್!" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನಿಜ ಹೇಳಬೇಕೆಂದರೆ ನಾವೆಲ್ಲ ಮೀನು ಮಾರ್ಕೆಟ್ಟೇ ಎದ್ದು ಪ್ರವಾಸ ಹೊರಟ ಹಾಗಿದ್ದೆವು.

ನಿಜ್ವಾ ದಾಟುವಾಗ ಆಕಾಶ ತಿಳಿಯಾಯಿತು. ಬಿಸಿಲು ಬಿತ್ತು. ಜಾಕೆಟ್ಟಿನ ಜೇಬಿನೊಳಗೆ ಪೊರ್ಬುಗಳ ಬೆರಳು ಜಪಮಾಲೆ ಎಣಿಸುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಮಣ್ಣಿನ ರಸ್ತೆ ಹಿಡಿದು ಬೆಟ್ಟ ಏರತೊಡಗಿದರೆ ಎಲ್ಲೆಲ್ಲೂ ಒದ್ದೆ ಕಲ್ಲು, ಕಂದು ಬಣ್ಣದ ಬಂಡೆ. ಹಿಮದ ಸುಳಿವೇ ಇಲ್ಲ. ಎದುರಿಗೆ ಇಳಿದು ಬಂದ ಪಿಕಪ್ಪಿನವನನ್ನು ನಮ್ಮ ಡ್ರೈವರ್ ಕೂಗಿ ಕೇಳಿದ. ಅವನು ಕೈ ಅಲ್ಲಾಡಿಸಿ ಏನೋ ಅಂದು ಹೋದ. ಅದು ಇದೆ ಅಂತಲೋ ಇಲ್ಲ ಅಂತಲೋ ಯಾರಿಗೂ ತಿಳಿಯಲಿಲ್ಲ.

ಕೊನೆಯ ತಿರುವು ದಾಟಿದೆವು... ಬೆಟ್ಟದ ಮೈಯೆಲ್ಲ ಬೆಳ್ಳಗಿತ್ತು.

ಮೊಣಕಾಲು ಮುಳುಗುವಷ್ಟೇನೂ ಅಲ್ಲ. ಗೇಣುದ್ದ ಇದ್ದಿರಬಹುದು. ಆದರೂ ನಾವೆಲ್ಲ ಬಾಯಿ ಬಿಟ್ಟು ಕೂತೆವು. ಹುಟ್ಟಿದಾಗಿನಿಂದ ಸೆಕೆಯಲ್ಲಿ ಬೆಂದವರು ನಾವು! ಮೊದಲು ಇಳಿದವರು ಪೊರ್ಬುಗಳು. ಮೆಲ್ಲಗೆ ಬಗ್ಗಿ ಒಂದು ಹಿಡಿ ಹಿಮ ಎತ್ತಿಕೊಂಡರು. ಬಾಯಿಗೆ ಹಾಕಲಿಲ್ಲ, ಎಸೆಯಲಿಲ್ಲ, ಮೂಗಿಗೆ ಹಿಡಿದು ಮೂಸಿದರು.

"ಮೀನಿನ ವಾಸನೆಯೇ ಇಲ್ಲ ಮಾರಾಯ್ರೇ!"

ಅವರು ಅಷ್ಟು ದೊಡ್ಡ ಸ್ವರದಲ್ಲಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಲ್ಲಿ ಆಡು ಕಾಯುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ.

ನಂತರ ಅವರ ದರ್ಬಾರು ಶುರುವಾಯಿತು. ಥಂಡಿಯ ವಿಷಯದಲ್ಲಿ ಅಲ್ಲಿ ಅವರೊಬ್ಬರೇ ಯಜಮಾನರು. ಯಾರ ಟೋಪಿ ಕಿವಿ ಮುಚ್ಚಿಲ್ಲ, ಯಾರ ಕಾಲುಚೀಲ ಒದ್ದೆಯಾಗಿದೆ ಎಂದೆಲ್ಲ ತಪಾಸಣೆ. ಮೇಲೆ ಇಪ್ಪತ್ತು ನಿಮಿಷದ ಕಾನೂನು ಬೇರೆ. ಆಟ ರಂಗೇರುವ ಹೊತ್ತಿಗೆ ಗಡಿಯಾರ ನೋಡಿ, "ಟೈಮ್! ಎಲ್ಲ ಹೊರಗೆ!" ಎಂದು ಕೂಗಿದರು. ಹೊರಗೆ ಎಂದರೆ ಎಲ್ಲಿಗೆ? ನಾವು ಇದ್ದದ್ದೇ ಹೊರಗೆ. "ಹೌದಲ್ಲ..." ಎಂದು ತಲೆ ಕೆರೆದುಕೊಂಡು, ನಮ್ಮನ್ನೆಲ್ಲ ಗಾಡಿಯೊಳಗೆ ತುಂಬಿ, ಫ್ಲಾಸ್ಕಿನ ಚಹಾ ಕುಡಿಸಿ, ಹತ್ತು ನಿಮಿಷ ಆದ ಮೇಲೆಯೇ ಬಿಟ್ಟರು. ನನ್ನ ಗಂಡನಿಗೆ ನಕ್ಕು ನಕ್ಕು ಚಹಾ ನೆತ್ತಿಗೇರಿತು.

ಮೀನಿನ ತಟ್ಟೆಯ ಗುಟ್ಟು ಆಗ ಹೊರಬಿತ್ತು. ಇಳಿಜಾರಿನ ತುದಿಯಲ್ಲಿ ತಟ್ಟೆ ಇಟ್ಟು, ನನ್ನ ಮಗಳನ್ನು ಕೂರಿಸಿ, "ಯಲ್ಲಾ!" ಎಂದು ಮೆಲ್ಲಗೆ ದೂಡಿದರು. ಕೆಳಗೆ ನಿಂತ ಡ್ರೈವರ್ ಹಿಡಿದುಕೊಂಡ. ಅವಳ ಕೇಕೆಗೆ ಆಡುಗಳು ಓಡಿದವು. ಆಮೇಲೆ ನನ್ನ ಗಂಡ. ಅರ್ಧ ದಾರಿಗೆ ತಟ್ಟೆ ಒಂದು ಕಡೆ, ದಾವಣಗೆರೆ ಒಂದು ಕಡೆ. ಡ್ರೈವರ್ ತನ್ನ ಬಿಳಿ ನಿಲುವಂಗಿ ದಿಶ್ದಾಶಾವನ್ನು ಮೊಣಕಾಲಿಗೆ ಎತ್ತಿಕಟ್ಟಿ ನಿಂತುಕೊಂಡೇ ಜಾರಲು ಹೋಗಿ ಬಿದ್ದ. ನಾನು ಕಣ್ಣು ಮುಚ್ಚಿ, ಕಟೀಲಿನ ದೇವರನ್ನು ನೆನೆದು ಜಾರಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಜೋರಾಗಿ ಮತ್ತೆ ನಕ್ಕಿದ್ದೇನೋ ಇಲ್ಲವೋ!

"ನನಗೆ ಬೇಡ, ಐವತ್ತೈದು ಆಯ್ತು" ಎನ್ನುತ್ತಿದ್ದ ಪೊರ್ಬುಗಳನ್ನು ಕೊನೆಗೆ ನಾವೇ ಎಳೆದು ಕೂರಿಸಿದೆವು. ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, "ಟೈಮ್ ನೀವು ನೋಡಿ" ಎಂದರು. ಮಂಗನ ಟೋಪಿ, ದಪ್ಪ ಜಾಕೆಟ್, ಎರಡೂ ಕೈ ಮೇಲೆ. ಜಾರಿ ಹೋಗಿ ಕೆಳಗೆ ಉರುಳಿ, ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಎದ್ದು, "ಇನ್ನೊಮ್ಮೆ!" ಎಂದರು. ಆಮೇಲೆ ಮತ್ತೊಮ್ಮೆ. ಎಷ್ಟು ಸಲವೋ ಲೆಕ್ಕವಿಲ್ಲ. ಇಪ್ಪತ್ತು ನಿಮಿಷ ಆಯಿತು, ನಲವತ್ತು ಆಯಿತು. ನಾನು ಟೈಮ್ ಎಂದು ಕೂಗಲೇ ಇಲ್ಲ.

ಫೋಟೋ ತೆಗೆದೆ. ಜಾರುವಾಗ, ಬೀಳುವಾಗ, ಹಿಮದ ನಡುವೆ ಸೊಂಟಕ್ಕೆ ಕೈ ಇಟ್ಟು ಗತ್ತಿನಿಂದ ನಿಂತಾಗ, ಎಲ್ಲ. ರೋಲು ಮುಗಿಯುವವರೆಗೂ ತೆಗೆದೆ.

ಭಾನುವಾರ ಸೀಬ್ ವಿಮಾನ ನಿಲ್ದಾಣದಲ್ಲಿ ಒಳಗೆ ಹೋಗುವ ಮುಂಚೆ ಪೊರ್ಬುಗಳು ತಿರುಗಿ ಹೇಳಿದ್ದು ಒಂದೇ ಮಾತು. "ಫೋಟೋ ಕಳಿಸ್ಲಿಕ್ಕೆ ಮರೀಬೇಡಿ ಆಯ್ತಾ?"

ಅವತ್ತೇ ಸಂಜೆ ರೋಲನ್ನು ಸ್ಟುಡಿಯೋಗೆ ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ ಸ್ಟುಡಿಯೋದ ಕೇರಳದವನು ಖಾಲಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದ. ರೋಲು ತಿರುಗಿಯೇ ಇರಲಿಲ್ಲ. ಗಾಡಿ ನಿಂತ ಆತುರದಲ್ಲಿ, ಆ ದಪ್ಪ ಕೈಗವಸು ತೆಗೆಯದೆ, ನಾನು ಫಿಲ್ಮನ್ನು ಕ್ಯಾಮರಾದೊಳಗಿನ ಚಕ್ರದ ಹಲ್ಲಿಗೆ ಸರಿಯಾಗಿ ಸಿಕ್ಕಿಸಿರಲಿಲ್ಲ. ಎಷ್ಟು ಫೋಟೋ ಆಯಿತು ಎಂದು ತೋರಿಸುವ ಮುಳ್ಳು ಮಾತ್ರ ಮುಂದೆ ಹೋಗುತ್ತಾ ನನ್ನನ್ನು ಏಮಾರಿಸಿತ್ತು. ಪೊರ್ಬುಗಳಿಗೆ ಹೇಗೆ ಬರೆಯಲಿ? ಎರಡು ಸಲ ಕಾಗದ ಬರೆದು ಹರಿದುಹಾಕಿದೆ. ಅವರಿಂದ ಒಂದು ಕಾಗದ ಬಂತು, ಕ್ರಿಸ್ಮಸ್ಸಿಗೆ ಒಂದು ಕಾರ್ಡೂ ಬಂತು, ಎರಡರಲ್ಲೂ ಕೊನೆಗೆ ಫೋಟೋದ ಸುದ್ದಿ. ನಾಚಿಕೆಯಾಗಿ ಉತ್ತರ ಬರೆಯಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ವರ್ಷಗಳೇ ಹೋದವು...

ಕಳೆದ ಭಾನುವಾರ ಶಿರ್ವಕ್ಕೆ ಹೋದೆ. ಕೇಳಿಕೊಂಡು ಕೇಳಿಕೊಂಡು ಮನೆ ಸಿಕ್ಕಿತು. ಪೊರ್ಬುಗಳು ಹೋಗಿ ಆರು ವರ್ಷವಾಯಿತಂತೆ. ಅವರ ಹೆಂಡತಿ ಪಾನಕ ತಂದಿಟ್ಟು, ನಾನು ಮಸ್ಕತ್ತಿನವಳು ಎಂದು ತಿಳಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಒಂದು ಕೇಳ್ತೇನೆ, ನಗಾಡ್ಬೇಡಿ" ಎಂದರು. "ಇವರು ಅಲ್ಲಿ ಹಿಮದಲ್ಲಿ ತಟ್ಟೆ ಮೇಲೆ ಕೂತು ಜಾರಿದ್ದೇನೆ ಅಂತ ಸಾಯುವವರೆಗೆ ಹೇಳ್ತಿದ್ರು. ನಾವೆಲ್ಲ ತಮಾಷೆ ಮಾಡಿದ್ದು. ಹೌದಾ ಅದು?"

"ಹೌದು" ಎಂದೆ. "ನಾನು ಜೊತೆಗಿದ್ದೆ. ಫೋಟೋ ಹಾಳು ಮಾಡಿದವಳೂ ನಾನೇ."

ಅವರು ನನ್ನನ್ನು ಬಯ್ಯಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಪಕ್ಕದ ಮನೆಯವರನ್ನು, ಎದುರು ಮನೆಯವರನ್ನು ಕೂಗಿ ಕರೆದರು. ಏಳೆಂಟು ಜನ ಬಂದು ಜಗಲಿಯಲ್ಲಿ ಕೂತರು. ನಾನು ಮೊದಲಿನಿಂದ ಎಲ್ಲ ಹೇಳಿದೆ, ಮೂಸಿ ನೋಡಿದ್ದು, ಉರುಳಿ ಬಿದ್ದದ್ದು, ಇನ್ನೊಮ್ಮೆ ಎಂದದ್ದು. ಎಲ್ಲರೂ ನಕ್ಕರು. ಈ ಸಲ ಎಲ್ಲರೂ ನಂಬಿದರು. ನಾನೊಂದು ಕಾಗದ ಬರೆದಿದ್ದರೆ ಸಾಕಿತ್ತು, ಪೊರ್ಬುಗಳು ಬದುಕಿರುವಾಗಲೇ ಇವರೆಲ್ಲ ನಂಬುತ್ತಿದ್ದರು.